ಶಂಕರೆಪ್ಪನವರು ಓದಿದ ಅರವತ್ತನಾಲ್ಕು ಪುಸ್ತಕ

೧೯೯೯ರ ಡಿಸೆಂಬರ್ ಕೊನೆಯ ರವಿವಾರ, ರಾಮದುರ್ಗದ ನಿಜಗುಣಪ್ಪ ವಾಚನಾಲಯದವರು ವರ್ಷದ ಉತ್ತಮ ಓದುಗ ಎಂದು ಶಾಲು ಹೊದಿಸಿದ್ದು ಸೀರೆ ಅಂಗಡಿಯ ಶಂಕರೆಪ್ಪನವರಿಗೆ. ಶಂಕರೆಪ್ಪನವರು ಆ ವರ್ಷ ಒಂದು ಪುಸ್ತಕವನ್ನೂ ಓದಿರಲಿಲ್ಲ. ಆ ವರ್ಷದ ಮಾತು ಬಿಡಿ, ಮ್ಯಾಟ್ರಿಕ್ ಪರೀಕ್ಷೆ ಮುಗಿದ ದಿನ ಮುಚ್ಚಿದ ಪುಸ್ತಕವನ್ನು ಅವರು ಮತ್ತೆ ತೆರೆದವರೇ ಅಲ್ಲ.

ಓದಿದವಳು ಮೂರನೇ ಸಾಲಿನಲ್ಲಿ ಕೂತಿದ್ದಳು. ಮೀನಾ, ಅವರ ಒಬ್ಬಳೇ ಮಗಳು, ಇಪ್ಪತ್ತೆರಡು ವರ್ಷ. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ಕೆಂಪಾಗಿತ್ತು.

ವಾಚನಾಲಯದ ಅಧ್ಯಕ್ಷರಾದ ನೀಲಪ್ಪ ಮಾಸ್ತರರು ರಜಿಸ್ಟರ್ ಬಗಲಿಗಿಟ್ಟುಕೊಂಡು ಮೈಕ್ ಮುಂದೆ ನಿಂತಿದ್ದರು. "ಕಾರ್ಡ್ ನಂಬರ್ ಎರಡುನೂರಾ ಹನ್ನೆರಡು! ಒಂದು ವರ್ಷದಾಗ ಅರವತ್ನಾಕು ಪುಸ್ತಕ! ಅಂಗಡಿ ನೋಡಕೊಂಡು, ಮನಿ ನೋಡಕೊಂಡು, ಇವರು ಯಾವಾಗ ಓದತಾರೋ ಆ ದೇವರಿಗೇ ಗೊತ್ತು!"

ದೇವರಿಗೆ ಗೊತ್ತಿತ್ತು. ಮೀನಾಳಿಗೆ ಗೊತ್ತಿತ್ತು. ಕಂಬಕ್ಕೆ ಒರಗಿ ನಿಂತಿದ್ದ ವಾಚನಾಲಯದ ಕ್ಲಾರ್ಕ್ ಸಂದೀಪನಿಗಂತೂ ಚೆನ್ನಾಗಿ ಗೊತ್ತಿತ್ತು. ಆ ಅರವತ್ತನಾಲ್ಕನ್ನೂ ಅವಳ ಕೈಗೆ ಎತ್ತಿ ಕೊಟ್ಟವನು ಅವನೇ.

"ಬರೇ ಓದೂದಲ್ಲ," ಮಾಸ್ತರರು ಕನ್ನಡಕ ಏರಿಸಿದರು. "ಒಂದೊಂದು ಪುಸ್ತಕಕ್ಕೂ ಒಂದೊಂದು ಷರಾ ಹೇಳ್ಯಾರ. ಕೇಳ್ರಿಲ್ಲೆ. ಮಾರ್ಚ್ ಒಂಬತ್ತು: 'ಉಪ್ಪು ಕಡಿಮಿ.' ಏಪ್ರಿಲ್ ಇಪ್ಪತ್ಮೂರು: 'ಒಗ್ಗರಣಿ ಸಪ್ಪಳ ಜೋರು, ಸಾರಿನ್ಯಾಗ ಏನೂ ಇಲ್ಲ.' ಜೂನ್ ಒಂದು: 'ಹಳಸೇತಿ, ಯಾರಿಗೂ ಬಡಿಸಬ್ಯಾಡ್ರಿ!'"

ಸಭೆ ಗೊಳ್ಳೆಂದು ನಕ್ಕಿತು. ಮೀನಾಳ ಕಿವಿ ಬಿಸಿಯಾಯಿತು. ಅವು ಅವಳ ಮಾತುಗಳು. ಪುಸ್ತಕ ವಾಪಸು ಕೊಡುವಾಗ ಮೇಜಿನ ಆಚೆ ಕೂತ ಒಬ್ಬನಿಗೆ, ಒಬ್ಬನಿಗೆ ಮಾತ್ರ, ಹೇಳಿದ ಮಾತುಗಳು. ಷರಾ ಎಂದರೆ ರಜಿಸ್ಟರಿನ ಕೊನೆಯ ಕಾಲಂ. 'ಪುಟ ಹರಿದಿದೆ', 'ರಟ್ಟು ಕಿತ್ತಿದೆ' ಎಂದು ಬರೆಯುವ ಜಾಗ. ಅಲ್ಲಿ ಈ ಮನುಷ್ಯ ಅವಳ ಮಾತುಗಳನ್ನು ಬರೆದಿಟ್ಟಿದ್ದ, ಅಪ್ಪನ ಹೆಸರಿನ ಮುಂದೆ!

ಅಪ್ಪ ಮೈಕ್ ಹಿಡಿದರು. 'ಓದಿದಾಕಿ ಮಗಳು' ಎಂಬ ಎರಡೇ ಪದ ಸಾಕಿತ್ತು. ಮೀನಾ ಆ ಎರಡು ಪದಕ್ಕಾಗಿ ಕಾದಳು.

"ಓದೂದು ಅಂದ್ರ ನನಗ ಊಟ ಇದ್ದಂಗ್ರಿ," ಅಂದರು ಶಂಕರೆಪ್ಪ, ಶಾಲು ಸರಿಮಾಡಿಕೊಳ್ಳುತ್ತ. "ಉಪ್ಪು, ಖಾರ ನೋಡೇ ಉಣ್ಣೂದು."

ಚಪ್ಪಾಳೆಯೋ ಚಪ್ಪಾಳೆ. ಮೀನಾ ಎದ್ದು ಹೊರಗೆ ನಡೆದಳು. ಕಂಬದ ಹತ್ತಿರ ಸಂದೀಪ, "ಮೀನಾ ಅವರ..." ಎಂದು ಶುರುಮಾಡಿದ. ಅವಳು ಅವನನ್ನು ನೋಡಿದ ನೋಟಕ್ಕೆ ಅವನು ಕಂಬದ ಹಿಂದೆ ಸರಿದ.

*

ಆ ವರ್ಷ ಶುರುವಾದದ್ದೂ ಸಿಟ್ಟಿನಿಂದಲೇ. ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದವಳಿಗೆ ಎಂ.ಎ. ಮಾಡುವ ಆಸೆ. "ಇಷ್ಟು ಓದಿದ್ದು ಸಾಕು. ಒಂದು ವರ್ಷ ಮನ್ಯಾಗ ಇರು. ಛಲೋ ಮನಿತನ ಬಂತಂದ್ರ ಮುಗಿಸಿಬಿಡೂಣು," ಅಂದಿದ್ದರು ಅಪ್ಪ. ಮುಗಿಸಿಬಿಡುವುದು! ಮಗಳೇನು ಅರ್ಧಕ್ಕೆ ನಿಂತ ಗೋಡೆಯೇ?

ಅಳುವ ಬದಲು ಅವಳು ಓದಲು ಕೂತಳು. ವಾಚನಾಲಯದಲ್ಲಿ ಒಂದು ಮನೆಗೆ ಒಂದೇ ಕಾರ್ಡು. ಅಪ್ಪನ ಹೆಸರಿನ ಕಾರ್ಡು ದೇವರ ಫೋಟೋದ ಹಿಂದೆ ಹೊಸದಾಗಿಯೇ ಬಿದ್ದಿತ್ತು. ಜನವರಿಯ ಒಂದು ಸಂಜೆ ಅದನ್ನು ತೆಗೆದುಕೊಂಡು ಹೋಗಿ ಮೇಜಿನ ಮೇಲಿಟ್ಟಳು.

"ಕಾರ್ಡ್ ಶಂಕರೆಪ್ಪ ಅವರದ್ದು," ಅಂದ ಮೇಜಿನ ಆಚೆ ಕೂತಿದ್ದವನು.

"ಹೌದ್ರಿ."

"ನೀವು ಶಂಕರೆಪ್ಪ ಏನ್ರಿ?"

"ಯಾಕ್ರಿ, ಮೀಸಿ ಇಲ್ಲ ಅಂತ ಡೌಟ್ ಬಂತೇನು?"

ಅವನು ನಗಲಿಲ್ಲ. ನಗು ಬರದಂತೆ ತುಟಿ ಬಿಗಿದುಕೊಂಡು, ರಜಿಸ್ಟರಿನಲ್ಲಿ 'ಶಂಕರೆಪ್ಪ' ಎಂದು ದುಂಡಗೆ ಬರೆದು, ಪುಸ್ತಕಕ್ಕೆ ತಾರೀಖಿನ ಸೀಲು ಒತ್ತಿದ. ಒಬ್ಬರ ಕಾರ್ಡನ್ನು ಇನ್ನೊಬ್ಬರು ಬಳಸಬಾರದೆಂಬ ನಿಯಮ ಅವನ ತಲೆಯ ಮೇಲಿನ ಗೋಡೆಯಲ್ಲೇ ಬರೆದಿತ್ತು. ಅವನು ತಲೆ ಎತ್ತಿ ಅದನ್ನು ಓದಲಿಲ್ಲ.

ಅಲ್ಲಿಂದ ಮಂಗಳವಾರ, ಶುಕ್ರವಾರ ಸಂಜೆ ಐದೂವರೆ ಎಂದರೆ ಅವಳು ಬಾಗಿಲಲ್ಲಿ. "ಬರ್ರಿ ಶಂಕರೆಪ್ಪ ಅವರ," ಅನ್ನುವನು, ಯಾರೂ ಇಲ್ಲದಾಗ, ಮುಖ ಗಂಭೀರ ಮಾಡಿಕೊಂಡು. "ಅಂಗಡಿ ಹೆಂಗ ನಡದೈತ್ರಿ?"

"ಸೀರಿ ಭಾಳ ಹೋಗ್ಯಾವು. ನಿಮಗೊಂದು ಬೇಕೇನು?"

ಪುಸ್ತಕ ವಾಪಸು ತೆಗೆದುಕೊಳ್ಳುವಾಗ ಮಾತ್ರ ತಮಾಷೆ ಬಿಟ್ಟು ಅವಳ ಮುಖ ನೋಡಿ ಕೇಳುವನು: "ಹೆಂಗಿತ್ತು?" ಆ ಒಂದು ಪ್ರಶ್ನೆಯನ್ನು ಅವಳಿಗೆ ಬೇರೆ ಯಾರೂ ಕೇಳಿರಲಿಲ್ಲ. ಊಟ ಆಯಿತಾ, ಮೈಗೆ ಹುಷಾರಾ, ವರ ಬಂತಾ, ಇವೆಲ್ಲ ಕೇಳಿದ್ದರು. ಏನು ಓದಿದಿ, ಏನು ಅನ್ನಿಸಿತು ಎಂದು ಕೇಳಿದವನು ಇವನೊಬ್ಬ. ಉತ್ತರವನ್ನು ಅವಳು ಮೂರು ದಿನ ರುಬ್ಬಿ ತರುತ್ತಿದ್ದಳು. ಉಪ್ಪು ಕಡಿಮಿ. ಖಾರ ಸರಿ ಐತಿ. ಬೆಂದಿಲ್ಲ.

ಅವನ ಹೆಬ್ಬೆರಳಿಗೆ ಸದಾ ಸೀಲಿನ ನೇರಳೆ ಶಾಯಿ. ಒಮ್ಮೆ ಪುಸ್ತಕ ಕೊಡುವಾಗ ಅದು ಅವಳ ಮುಂಗೈಗೆ ತಾಗಿ ಗುರುತು ಬಿತ್ತು.

"ತಾರೀಖು ಬಿತ್ತು ನೋಡ್ರಿ," ಅಂದ, ಗುರುತನ್ನೇ ನೋಡುತ್ತ. "ಹದಿನೈದು ದಿನದಾಗ ವಾಪಸ್ ಬರಬೇಕು."

"ತಡಾ ಆದ್ರ?"

"ಕಾಯತೇನಿ, ಮತ್ತೇನು ಮಾಡೂದು."

ಅವಳು ಆ ಕೈ ತೊಳೆದದ್ದು ಮರುದಿನ, ಅದೂ ಅವ್ವ ಸಿದ್ದಲಿಂಗವ್ವ ಹಿಟ್ಟು ನಾದಲು ಕೂರಿಸಿದ್ದರಿಂದ.

ಇದಕ್ಕಿಂತ ಹೆಚ್ಚು ಇಬ್ಬರೂ ಹೇಳಲಿಲ್ಲ. ಹೇಳಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಅವಳದು ಲಿಂಗಾಯತರ ಓಣಿಯ ದೊಡ್ಡ ಬಾಗಿಲಿನ ಮನೆ. ಅವನು ಕೆಳಗಿನ ಕೇರಿಯ ಸತ್ಯಪ್ಪನ ಮಗ. ಅವರ ಮನೆಯ ಗೋಡೆಯಲ್ಲಿ ಬುದ್ಧನ ಫೋಟೋ ಇತ್ತು, ಮತ್ತು ಊರಿಗೆ ಆ ಕೇರಿಯ ನೆನಪು ಬರುತ್ತಿದ್ದುದು ಕೆಲಸ ಇದ್ದಾಗ ಮಾತ್ರ.

ಕಾರ್ಯಕ್ರಮಕ್ಕೆ ಒಂದು ವಾರ ಮೊದಲು, ಡಿಸೆಂಬರ್ ಹತ್ತೊಂಬತ್ತಕ್ಕೆ, ಸಂದೀಪ ಮಾಸ್ತರರು ಕೊಟ್ಟ ಸನ್ಮಾನದ ಆಮಂತ್ರಣದ ಲಕೋಟೆ ಹಿಡಿದು ಆ ದೊಡ್ಡ ಬಾಗಿಲಿಗೆ ಬಂದಿದ್ದ. "ಏ ತಮ್ಮಾ, ಅಲ್ಲೇ ಕುಂದ್ರು," ಎಂದು ಅಪ್ಪ ಹೊರಗಿನ ಕಟ್ಟೆ ತೋರಿಸಿದರು. ಅವ್ವ ಕೊಟ್ಟಿಗೆಯ ಗೂಡಿನಲ್ಲಿದ್ದ ಸ್ಟೀಲ್ ಲೋಟ ತೆಗೆದು, ಮೇಲಿನಿಂದ ಚಹಾ ಸುರಿದಳು. ಅಂಚು ನೆಗ್ಗಿದ ಲೋಟ. ಮನೆಯವರು ಯಾರೂ ಮುಟ್ಟದ ಲೋಟ.

ಅವನು ಲೋಟವನ್ನು ನೋಡಿದ. ಆಮೇಲೆ ಬಾಗಿಲಿನ ಕಡೆ ನೋಡಿದ. ಬಾಗಿಲ ಹಿಂದೆ ಮೀನಾ ನಿಂತಿದ್ದಳು. "ಚಹಾ ಬಿಟ್ಟೀನ್ರಿ," ಅಂದು ಎದ್ದು ಹೋದ.

*

ಮಂಗಳವಾರ ಅವಳು ವಾಚನಾಲಯಕ್ಕೆ ಹೋದದ್ದು ಪುಸ್ತಕಕ್ಕಲ್ಲ, ಜಗಳಕ್ಕೆ. ಎರಡು ದಿನದಿಂದ ಒಂದೊಂದು ಮಾತನ್ನೂ ಜೋಡಿಸಿಟ್ಟುಕೊಂಡಿದ್ದಳು.

ಸಂದೀಪ ಎದ್ದು ನಿಂತ. ಅವತ್ತು ಶಂಕರೆಪ್ಪ ಅವರ ಎಂದು ಕರೆಯುವ ಧೈರ್ಯ ಅವನಿಗಿರಲಿಲ್ಲ.

"ನನ್ನ ಮಾತು ಯಾರನ್ನ ಕೇಳಿ ಬರಕೊಂಡ್ರಿ?"

"ಮರೀಬಾರದು ಅಂತ ಬರದ್ನಿ."

"ಯಾರು ಮರೀಬಾರದು?"

"ನಾನು."

ಸಿಟ್ಟು ಒಂದು ಮೆಟ್ಟಿಲು ಕೆಳಗಿಳಿಯಿತು. ಅವಳು ಅದನ್ನು ಜುಟ್ಟು ಹಿಡಿದು ಮತ್ತೆ ಮೇಲಕ್ಕೆಳೆದಳು. "ಬರಕೋರಿ, ಬ್ಯಾಡ ಅನ್ನೂದಿಲ್ಲ. ನಮ್ಮಪ್ಪನ ಹೆಸರಿನ ಮುಂದ ಯಾಕ? ಅವರು ಒಂದು ಹಾಳಿ ತಿರುವಿ ಹಾಕಿಲ್ಲ. ಅರವತ್ನಾಕು ಪುಸ್ತಕ ಓದಿದ್ದು ನಾನು. ಕಣ್ಣು ಕೆಂಪ ಮಾಡಕೊಂಡಿದ್ದು ನಾನು. ಶಾಲು ಅವರಿಗೆ, ಚಪ್ಪಾಳಿ ಅವರಿಗೆ!"

"ಬ್ಯಾರೆಯವರ ಹೆಸರು ಬರದ್ರ ಕಾರ್ಡ್ ರದ್ದು. ಕಾರ್ಡ್ ರದ್ದಾತಂದ್ರ ನೀವು ಬರೂದೂ ರದ್ದು. ಅದಕ್ಕ ವರ್ಷಪೂರ್ತಿ ಸುಳ್ಳು ಬರದೀನಿ. ಬಹುಮಾನದ ವಿಚಾರ ನನಗ ಗೊತ್ತಿರಲಿಲ್ಲ. ಮಾಸ್ತರು ರಜಿಸ್ಟರ್ ಮನಿಗೆ ಒಯ್ದು ಎಣಿಸ್ಯಾರ. ಲಕೋಟಿ ಕೈಗೆ ಕೊಟ್ಟಾಗನ ನನಗ ತಿಳದದ್ದು."

"ತಿಳದ ಮ್ಯಾಲರೆ ಹೇಳಬಹುದಿತ್ತಲ್ಲ? ನೌಕರಿ ಹೋಗತೈತಿ ಅಂತ ಅಂಜಿಕಿ?"

"ಹೌದು, ಅಂಜಿಕಿ." ಅವನ ದನಿಯೂ ಗಟ್ಟಿಯಾಯಿತು. "ನಮ್ಮ ಕೇರ್ಯಾಗ ಮೇಜಿನ ಹಿಂದ ಕುಂತು ನೌಕರಿ ಮಾಡಾಕತ್ತಿದ್ದು ನಾನ ಮೊದಲ. ಅಂಜದ ಏನು ಮಾಡ್ಲಿ?"

"ನನ್ನದನ್ನ ನನ್ನ ಕಣ್ಣ ಮುಂದ ಕಸಗೊಂಡ್ರು. ನೀವು ಕಂಬಕ್ಕ ಆತು ನಿಂತು ಸುಮ್ನ ನೋಡಿದ್ರಿ!"

"ನೀವು ನೋಡಲಿಲ್ಲೇನು?"

"ಏನು?"

"ಹತ್ತೊಂಬತ್ತನೇ ತಾರೀಖಿಗೆ. ಬಾಗಲ ಹಿಂದ."

ಅಷ್ಟೇ ಅಂದ. ಲೋಟದ ಹೆಸರನ್ನೂ ಎತ್ತಲಿಲ್ಲ. ಅವಳಿಗೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಸಂದೀಪ ರಜಿಸ್ಟರನ್ನು ಅವಳ ಮುಂದೆ ತಳ್ಳಿ, ಅದರ ಮೇಲೆ ಪೆನ್ನಿಟ್ಟ. "ತಗೋರಿ. ಎಲ್ಲಾ ಕಡೆ ಹೊಡದು ನಿಮ್ಮ ಹೆಸರು ಬರೀರಿ. ಆಗೂದು ಆಗಲಿ."

ಅವಳು ಪೆನ್ನು ಕೈಗೆತ್ತಿಕೊಂಡು ರಜಿಸ್ಟರ್ ತೆರೆದಳು. ಶಂಕರೆಪ್ಪ, ಶಂಕರೆಪ್ಪ, ಶಂಕರೆಪ್ಪ. ಪ್ರತಿ ಸಾಲಿನ ಕೊನೆಗೆ ಅವಳ ಮಾತು, ಅವನ ದುಂಡು ಅಕ್ಷರದಲ್ಲಿ. ಜುಲೈ ತಿಂಗಳಿಗೆ ಬಂದಾಗ ಬೆರಳು ನಿಂತಿತು. 'ಹದಿಮೂರು: ಬಂದಿಲ್ಲ. ಹದಿನಾರು: ಬಂದಿಲ್ಲ. ಇಪ್ಪತ್ತು: ಇನ್ನೂ ಬಂದಿಲ್ಲ.' ಹಾಳೆ ತಿರುವಿದಳು. ಸೆಪ್ಟೆಂಬರಿನಲ್ಲಿ ನಾಲ್ಕು ಕಡೆ, ಅಕ್ಟೋಬರಿನಲ್ಲಿ ಮತ್ತೆ ನಾಲ್ಕು ಕಡೆ. ಒಟ್ಟು ಹನ್ನೊಂದು.

ಕಳೆದುಹೋದ ಸಿಟ್ಟು ಮರಳಿ ಸಿಕ್ಕಂತಾಯಿತು. "ಇದೇನ್ರಿ ಇದು? ನಾ ಯಾವ ಪುಸ್ತಕ ವಾಪಸ್ ಕೊಟ್ಟಿಲ್ಲ? ಜುಲೈದಾಗ ಮುರಗೋಡಕ್ಕ ಅತ್ತಿ ಮನಿಗೆ ಹೋಗೂ ಮುಂದ ಎಲ್ಲಾ ಕೊಟ್ಟ ಹೋಗಿದ್ನಿ. ಬಂದಿಲ್ಲ, ಬಂದಿಲ್ಲ ಅಂತ ಹನ್ನೊಂದು ಸಲ! ಓದಿದ್ದಂತೂ ನಂದಲ್ಲ ಅಂದ್ರಿ, ಈಗ ನಾ ಕಳ್ಳಿನೂ ಆದ್ನೇನು?"

ಸಂದೀಪ ಶಾಯಿಯ ಹೆಬ್ಬೆರಳನ್ನು ಒರೆಸಿಕೊಳ್ಳುತ್ತ ನಿಂತ. ಮಾಸ್ತರರೂ ಅದನ್ನು ಹಾಗೇ ಓದಿಕೊಂಡಿದ್ದರು. ಪುಸ್ತಕ ಬಂದಿಲ್ಲ ಎಂದು ತಿಳಿದು, ಸಭೆಯಲ್ಲಿ ಆ ಸಾಲುಗಳನ್ನು ಬಿಟ್ಟುಬಿಟ್ಟಿದ್ದರು.

"ಪುಸ್ತಕದ ಹೆಸರು ಐತೇನು ನೋಡ್ರಿ ಅಲ್ಲೆ," ಅಂದ ಕೊನೆಗೆ.

ಅವಳು ನೋಡಿದಳು. ಹನ್ನೊಂದು ಸಾಲಿನಲ್ಲೂ ತಾರೀಖು ಇತ್ತು, ಕಾರ್ಡಿನ ನಂಬರು ಇತ್ತು. ಪುಸ್ತಕದ ಕಾಲಂ ಖಾಲಿ. ತಾರೀಖುಗಳೆಲ್ಲ ಮಂಗಳವಾರ, ಶುಕ್ರವಾರ.

"ಮತ್ತ ಏನು ಬಂದಿಲ್ಲ?"

"ಏನು ಅಲ್ಲ," ಅಂದ ಸಂದೀಪ, ಅವಳನ್ನು ನೋಡದೆ. "ಯಾರು."

ಮೀನಾ ಪೆನ್ನು ಕೆಳಗಿಟ್ಟಳು. ತಿರುಗಿ ಹೊರಟಳು. ಪುಸ್ತಕ ತೆಗೆದುಕೊಳ್ಳುವ ನೆನಪೇ ಅವಳಿಗೆ ಅವತ್ತು ಬರಲಿಲ್ಲ.

*

ಬುಧವಾರ ಮಾಳಿಗೆಯ ಮೇಲೆ ಶೇಂಗಾ ಒಣಹಾಕಿ, ಪಕ್ಕದಲ್ಲಿ ಕೂತು ತನ್ನ ನೋಟ್‌ಬುಕ್ ತೆಗೆದಳು. ಸಂದೀಪನಿಗೆ ಹೇಳುತ್ತಿದ್ದುದು ಒಂದು ಮಾತಾದರೆ, ಅವಳು ಇಲ್ಲಿ ಬರೆಯುತ್ತಿದ್ದುದು ಪುಟಗಟ್ಟಲೆ. ವರ್ಷದ ಓದೆಲ್ಲ ಅಲ್ಲಿತ್ತು. ಮೊದಲ ಪುಟದಿಂದ ಓದುತ್ತ ಹೋದಳು, ಓದುತ್ತ ಹೋದಂತೆ ಮೈಯೆಲ್ಲ ಉರಿಯಿತು.

ಎಷ್ಟು ಕಾದಂಬರಿಗಳಲ್ಲಿ ನಾಯಕಿ ಸತ್ತಿದ್ದಳು! ಬಾವಿಗೆ ಹಾರಿ, ಕ್ಷಯವಾಗಿ, ಹೆರಿಗೆಯಲ್ಲಿ. ಸಾಯದೇ ಉಳಿದವರು ಕೊನೆಯ ಪುಟದಲ್ಲಿ ಎಲ್ಲರನ್ನೂ ಕ್ಷಮಿಸಿ ಚಹಾ ಮಾಡಲು ಒಳಗೆ ಹೋಗಿದ್ದರು. ಸಿಟ್ಟಿಗೆದ್ದವರು ಅರವತ್ತನಾಲ್ಕರಲ್ಲಿ ಇಬ್ಬರೇ, ಅವರಿಬ್ಬರಿಗೂ ಲೇಖಕರು ಹುಚ್ಚು ಹಿಡಿಸಿದ್ದರು. ಪ್ರತಿಯೊಬ್ಬಳ ಹೆಸರಿನ ಮುಂದೆ ಮೀನಾಳ ಬೈಗುಳ ಇತ್ತು.

ಆಗಸ್ಟಿನ ಒಂದು ಪುಟ ಬಂತು. ಜಮೀನ್ದಾರನ ಮಗಳೊಬ್ಬಳ ಕಥೆ. ಅಂಗಳದಲ್ಲಿ ಆಳಿಗೆ ಹೊಡೆಯುವುದನ್ನು ಅವಳು ನೋಡುತ್ತಾಳೆ, ಮರುಗುತ್ತಾಳೆ, ಅಷ್ಟೇ. ಅದರ ಕೆಳಗೆ ಮೀನಾ ಕೆಂಪು ಪೆನ್ನಿನಲ್ಲಿ ಬರೆದಿದ್ದಳು: 'ಬಾಗಿಲ ಹಿಂದೆ ನಿಂತು ನೋಡುವುದಷ್ಟೇ ಇವಳಿಗೆ ಬರುವುದು. ಇವಳ ಬಾಯಿಗೆ ಏನಾಗಿದೆ? ಇಂಥವಳನ್ನು ನಾಯಕಿ ಎನ್ನಲು ನಾಚಿಕೆಯಾಗಬೇಕು.'

ಆ ಸಾಲನ್ನು ಅವಳು ಎರಡು ಸಲ ಓದಿದಳು. ಎಷ್ಟು ಧಾರಾಳವಾಗಿ ಬೈದಿದ್ದಳು! ಇವತ್ತು ಅವಳ ಸಿಟ್ಟು ಅಪ್ಪನ ಮೇಲಿರಲಿಲ್ಲ, ಸಂದೀಪನ ಮೇಲಿರಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ತನ್ನ ಮೇಲಿತ್ತು.

*

ಗುರುವಾರ ಯರಗಟ್ಟಿಯಿಂದ ನೋಡಲು ಬಂದರು. ಹುಡುಗ, ಅವನ ತಾಯಿ, ತಂದೆ ಮಹಾದೇವಪ್ಪ. ಮಾರುಕಟ್ಟೆಯಲ್ಲಿ ದೊಡ್ಡ ಹೆಸರು, ದೊಡ್ಡ ಹೊಟ್ಟೆ. ಪಡಸಾಲೆಯ ಗೋಡೆಯಲ್ಲಿ ಶಾಲು ಹೊದ್ದ ಶಂಕರೆಪ್ಪನವರ ಹೊಸ ಫೋಟೋ ಆಗಲೇ ಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು.

"ನೀವು ಅಷ್ಟು ಓದತೀರಿ ಅಂತ ನಮಗ ಗೊತ್ತ ಇರಲಿಲ್ರಿ," ಅಂದರು ಮಹಾದೇವಪ್ಪ. "ಅರವತ್ನಾಕು! ಅದರಾಗ ನಿಮಗ ಭಾಳ ಸೇರಿದ್ದು ಯಾವುದ್ರಿ?"

ಶಂಕರೆಪ್ಪ ಕೆಮ್ಮಿದರು. ಕೆಮ್ಮುತ್ತ, ಚಹಾದ ತಟ್ಟೆ ಹಿಡಿದು ಬರುತ್ತಿದ್ದ ಮಗಳ ಕಡೆ ನೋಡಿದರು. ಒಂದು ಹೆಸರು ಹೇಳು, ಮಾನ ಉಳಿಸು ಎಂಬ ನೋಟ.

ಮೀನಾ ಎಲ್ಲರಿಗೂ ಕಪ್ಪು ಕೊಟ್ಟಳು. ತಟ್ಟೆಯಲ್ಲಿ ಇನ್ನೊಂದು ಉಳಿದಿತ್ತು, ಅಂಚು ನೆಗ್ಗಿದ ಸ್ಟೀಲ್ ಲೋಟ. ಅದನ್ನು ತಾನು ತೆಗೆದುಕೊಂಡು, ಎದುರಿನ ಕುರ್ಚಿಯಲ್ಲಿ ಕೂತು, ಒಂದು ಗುಟುಕು ಕುಡಿದಳು.

ಒಳಬಾಗಿಲಲ್ಲಿ ಸಿದ್ದಲಿಂಗವ್ವನ ಬಳೆಗಳು ಸದ್ದು ಮಾಡಿದವು. ಅಪ್ಪನ ಮುಖ ಮೊದಲು ಬಿಳುಚಿತು, ಆಮೇಲೆ ಕಪ್ಪಿಟ್ಟಿತು.

"ಆ ಲೋಟ ಕೆಳಗಿಡು."

"ಯಾಕಪ್ಪಾ? ಇದಕ್ಕೇನಾಗೇತಿ?"

"ಇಡಂದ್ನಿ ಇಲ್ಲೋ!"

"ನಮ್ಮಪ್ಪ ಒಂದೂ ಪುಸ್ತಕ ಓದಿಲ್ರಿ," ಮೀನಾ ಮಹಾದೇವಪ್ಪನ ಕಡೆ ತಿರುಗಿದಳು. "ಓದಿದ್ದೆಲ್ಲಾ ನಾನು. ಆ ಮಾತೂ ನನ್ನವ. ಅದನ್ನೆಲ್ಲಾ ತಗೊಂಡು ಇವರ ಹೆಸರಿನ ಮುಂದ ಚಂದಗೆ ಬರದಿಟ್ಟಾವ ಒಬ್ಬ ಅದಾನ. ಅವ ಶಾಲಿನ ಸುದ್ದಿ ತಗೊಂಡು ಈ ಮನಿ ಬಾಗಲಿಗೆ ಬಂದಾಗ ನಾವು ಅವಗ ಚಹಾ ಕೊಟ್ಟದ್ದು ಈ ಲೋಟದಾಗ. ಕಟ್ಟಿ ಮ್ಯಾಲೆ ಕುಂದ್ರಿಸಿ. ನಾ ಬಾಗಲ ಹಿಂದ ನಿಂತು ನೋಡಿದ್ನಿ. ಅದಕ್ಕ ಇನ್ನ ಮ್ಯಾಲೆ ನಾ ಇದರಾಗ ಕುಡಿಯಾಕಿ."

ಹುಡುಗನ ತಾಯಿ ಕಪ್ಪು ಕೆಳಗಿಟ್ಟು ಸೆರಗು ಸಾವರಿಸಿಕೊಂಡರು. ಯರಗಟ್ಟಿಯವರು ಒಬ್ಬೊಬ್ಬರೇ ಎದ್ದರು. ಚಪ್ಪಲಿ ಹುಡುಕಿಕೊಂಡು ಹೊರಟೇಹೋದರು.

"ಮಾನ ತಗದಿ!" ಶಂಕರೆಪ್ಪನವರ ಕೂಗು ಓಣಿಗೆಲ್ಲ ಕೇಳಿಸಿತು. "ಮಂದಿ ಮುಂದ ನನ್ನ ಮಾನ ತಗದಿ!"

"ನನ್ನದು ನೀವು ರವಿವಾರನ ತಗದ್ರಿ, ಮೈಕಿನ್ಯಾಗ."

ಅವರು ದೇವರ ಫೋಟೋದ ಹಿಂದಿನಿಂದ ಕಾರ್ಡು ಎಳೆದು ತೆಗೆದು, ಬರಿಗಾಲಲ್ಲೇ ವಾಚನಾಲಯಕ್ಕೆ ನಡೆದರು. ನೀಲಪ್ಪ ಮಾಸ್ತರರ ಮುಂದೆ ಅದನ್ನು ಒಗೆದು, "ರದ್ದು ಮಾಡ್ರಿ ಇದನ್ನ! ನಮ್ಮ ಮನಿಗೆ ಪುಸ್ತಕಾನೂ ಬ್ಯಾಡ, ಏನೂ ಬ್ಯಾಡ!" ಎಂದು ಕೂಗಿ ಬಂದರು. ಮಾಸ್ತರರು ಅಲ್ಲೇ ರದ್ದು ಮಾಡಿದರು. ಊರಿಗೆಲ್ಲ ಸಂಜೆಯೊಳಗೆ ಸುದ್ದಿ ಮುಟ್ಟಿತು.

ಮರುದಿನ ಬೆಳಗ್ಗೆ ಮೀನಾ ಅಡುಗೆಮನೆಗೆ ಹೋದಾಗ, ಅವ್ವ ಆ ಲೋಟವನ್ನು ಮನೆಯ ಉಳಿದ ಲೋಟಗಳ ಜೊತೆಯಲ್ಲೇ ತೊಳೆದು ಬೋರಲು ಹಾಕುತ್ತಿದ್ದಳು. ಮಗಳ ಮುಖ ನೋಡಲಿಲ್ಲ. ಅದನ್ನು ಕೊಟ್ಟಿಗೆಗೆ ಒಯ್ಯಲೂ ಇಲ್ಲ.

*

ಶುಕ್ರವಾರ, ವರ್ಷದ ಕೊನೆಯ ದಿನ, ಸಂಜೆ ಐದೂವರೆಗೆ ಮೀನಾ ವಾಚನಾಲಯದ ಬಾಗಿಲಲ್ಲಿದ್ದಳು. ನೀಲಪ್ಪ ಮಾಸ್ತರರು ಮೇಜಿನ ಪಕ್ಕದಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿದ್ದರು.

"ಏನು ಬೇಕವ್ವಾ?"

"ಕಾರ್ಡ್ ಬೇಕ್ರಿ. ನನ್ನ ಹೆಸರಿಲೆ."

"ಒಂದು ಮನಿಗೆ ಒಂದ ಕಾರ್ಡ್. ರೂಲ್ಸ್ ಗೊತ್ತೈತಿಲ್ಲೋ?"

"ಗೊತ್ತೈತ್ರಿ. ನಮ್ಮ ಮನ್ಯಾಗ ನಿನ್ನೆಯಿಂದ ಒಂದೂ ಇಲ್ಲ."

ಮಾಸ್ತರರು ಗೋಡೆಯ ಮೇಲಿನ ನಿಯಮ ನೋಡಿದರು, ಅವಳನ್ನು ನೋಡಿದರು. ಅವರ ಗಂಟಿಕ್ಕಿದ ಮುಖ ಸಡಿಲವಾಯಿತು. ಡ್ರಾಯರಿನಿಂದ ಫಾರ್ಮ್ ತೆಗೆದು ಅವಳ ಮುಂದಿಟ್ಟರು. "ರೂಲ್ಸ್ ಪ್ರಕಾರ ನೀ ಅನ್ನೂದು ಬರೋಬರಿ ಐತಿ. ಈ ಸಂದೀಪನೂ ಬುಧವಾರ ಬಂದು ಎಲ್ಲಾ ಒಪ್ಪಿ ಬರದು ಕೊಟ್ಟಾನ. ಕಮಿಟಿ ಏನಂತೈತೋ ನೋಡೂಣು. ಅರವತ್ನಾಕು ಸಲ ಸುಳ್ಳು ಬರದಾವ್ನ ಮ್ಯಾಲೆ ನನಗಂತೂ ಭಾಳ ಸಿಟ್ಟು ಬಂದೈತಿ." ಸಿಟ್ಟು ಬಂದವರು ಎದ್ದು, ಪೇಪರ್ ಓದುವ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡರು.

ಮೇಜಿನ ಆಚೆ ಸಂದೀಪ, ಈಚೆ ಮೀನಾ.

"ನನ್ನ ಕೇಳದ ಹೋಗಿ ಒಪ್ಪಿಕೊಂಡು ಬಂದ್ರಿ," ಅಂದಳು ಅವಳು. "ನೌಕರಿ ಹೋದ್ರ?"

"ಲೋಟ ತಗೊಳ್ಳೂ ಮುಂದ ನೀವು ನನ್ನ ಕೇಳಿದ್ರೇನು?"

"ಅದು ನಮ್ಮ ಮನಿ ಲೋಟ!"

"ಇದು ನನ್ನ ನೌಕರಿ."

ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಮೊದಲು ಕಣ್ಣು ಇಳಿಸಿದವನು ಅವನು. ಇಳಿಸಿದ ಕಣ್ಣು ಅವಳ ಮುಂಗೈ ಮೇಲೆ, ಹಿಂದೊಮ್ಮೆ ಶಾಯಿ ಬಿದ್ದಿದ್ದ ಜಾಗದಲ್ಲಿ ನಿಂತಿತು.

"ಹೆಂಗಿತ್ತು?" ಕೇಳಿದ, ಮೆಲ್ಲಗೆ.

"ಯಾವುದು?"

"ವರ್ಷ."

ಮೀನಾ ಯೋಚಿಸಿದಳು. "ಖಾರ. ಕಣ್ಣಾಗ ನೀರು ಬರೂವಷ್ಟು ಖಾರ."

"ಉಪ್ಪು?"

"ಮಂಗಳವಾರ, ಶುಕ್ರವಾರ ಸರಿ ಇತ್ತು." ಹೇಳಿದ ಮೇಲೆ ಅವಳಿಗೆ ಮತ್ತೆ ಸಿಟ್ಟು ಬಂತು. "ಬಂದಿಲ್ಲ, ಬಂದಿಲ್ಲ ಅಂತ ಹನ್ನೊಂದು ಸಲ ರಜಿಸ್ಟರಿಗೆ ಹೇಳೀರಿ. ಬರ್ರಿ ಅಂತ ನನಗ ಒಂದ ಸಲ ಹೇಳಾಕ ಆಗಲಿಲ್ಲ?"

"ಹೇಳಿದ್ರ ಬರತಿದ್ರೇನು?"

"ಇಲ್ಲ. ಬೈತಿದ್ನಿ."

"ಅದಕ್ಕ ಹೇಳಲಿಲ್ಲ."

"ಹಂಗಾರ ನಾ ಹೇಳತೇನಿ, ಕೇಳ್ರಿ. ನನಗ ನೀವು ಬೇಕು. ನಮ್ಮಪ್ಪ ಕುಣದಾಡತಾರ, ಊರು ಬಾಯಿ ಮಾಡತೈತಿ, ನಿಮ್ಮ ನೌಕರಿ ಉಳೀತೈತೋ ಇಲ್ಲೋ ಗೊತ್ತಿಲ್ಲ. ಎಲ್ಲಾ ಗೊತ್ತಿದ್ದ ಹೇಳಾಕತ್ತೀನಿ. ಬೇಕಂದ್ರ ಬೇಕು!" ಮೇಜಿನ ಮೇಲೆ ಒಂದು ಗುದ್ದು ಬಿತ್ತು. ಸೀಲಿನ ಡಬ್ಬಿ ಎಗರಿತು.

ಸಂದೀಪ ಅದನ್ನು ಹಿಡಿದು ನೆಟ್ಟಗಿಟ್ಟ. ಅವನ ತುಟಿ ಈ ಸಲ ನಗುವನ್ನು ತಡೆಯಲಿಲ್ಲ. "ಹಿಂಗ ಗುದ್ದಿ ಹೇಳೂ ನಾಯಕಿ ಯಾವ ಪುಸ್ತಕದಾಗೂ ಸಿಗಲಿಲ್ಲ ನನಗ," ಅಂದ. "ನೀವು ವಾಪಸ್ ಕೊಟ್ಟದ್ದೆಲ್ಲಾ ಓದೀನಿ. ಅರವತ್ನಾಕೂ. ನನಗೂ ನೀವು ಬೇಕು ಮೀನಾ. ಮುಂದೇನು ಅಂತ ಕೇಳಿದ್ರ ಮಾತ್ರ..."

"ಕಡೀ ಪುಟ ಮೊದಲ ಓದೂ ಚಟ ನನಗಿಲ್ಲ. ರಜಿಸ್ಟರ್ ಕೊಡ್ರಿ."

ಅವನು ರಜಿಸ್ಟರ್ ತೆರೆದು ಅವಳ ಕಡೆ ತಿರುಗಿಸಿದ. ೧೯೯೯ರ ಕೊನೆಯ ಹಾಳೆ, ಅದರಲ್ಲಿ ಒಂದೇ ಒಂದು ಸಾಲು ಉಳಿದಿತ್ತು. ಅವಳು ಪೆನ್ನು ತೆಗೆದುಕೊಂಡು ತಾರೀಖು ಬರೆದಳು. ಹೆಸರಿನ ಜಾಗದಲ್ಲಿ 'ಮೀನಾ' ಎಂದು ಬರೆದು, ಅದನ್ನೊಮ್ಮೆ ನೋಡಿದಳು.

"ಪುಸ್ತಕ ಯಾವುದು?" ಅಂದ ಸಂದೀಪ.

"ಆ ಕಾಲಂ ಖಾಲಿ ಇರಲಿ. ನೀವು ಬಿಟ್ಟಂಗ."

ಕೊನೆಗೆ ಷರಾ. ಅವನು ಮೇಜಿನ ಮೇಲೆ ಬಾಗಿ ನೋಡುತ್ತಿದ್ದ. ಅವಳು ಸಣ್ಣ ಅಕ್ಷರದಲ್ಲಿ, ಒತ್ತಿ ಬರೆದಳು: 'ಬಂದೀನಿ.'